ಅಗ್ಗದ ಗ್ಲಾಸು, ಉದ್ದದ ಲೆಕ್ಕ

ಕಾಸಿಗೆ ತಕ್ಕ ಕಜ್ಜಾಯ. ಅಂಗಡಿ ಇಟ್ಟವರಿಗೆ ಈ ಗಾದೆ ಬಿಡಿಸಿ ಹೇಳಬೇಕಾಗಿಲ್ಲ. ಕಮ್ಮಿ ಕಾಸು ಹಿಡಿದು ಬಂದ ಗಿರಾಕಿಗೆ ಕಜ್ಜಾಯವೂ ಚಿಕ್ಕದೇ. ಆದರೆ ಇಂಗ್ಲೆಂಡಿನ ಸಾಹೇಬರೊಬ್ಬರು 1979ರಿಂದ ಈ ಗಾದೆಯನ್ನೇ ಸುಳ್ಳು ಮಾಡಿ ತೋರಿಸ್ತೀನಿ ಅಂತ ಹೊರಟಿದ್ದಾರೆ. ಕಾಸು ಕಮ್ಮಿ ಕೊಡಿ, ಕಜ್ಜಾಯ ದೊಡ್ಡದೇ ತಗೊಳ್ಳಿ, ಬೇಕಾದಷ್ಟು ಹೊತ್ತು ಕೂತ್ಕೊಳ್ಳಿ ಅನ್ನೋದು ಅವರ ವ್ಯಾಪಾರದ ಮಂತ್ರ. ಅಂಗಡಿಯ ಹೆಸರು ಜೆ. ಡಿ. ವೆದರ್‌ಸ್ಪೂನ್. ಜನ ಪ್ರೀತಿಯಿಂದಲೋ ತಾತ್ಸಾರದಿಂದಲೋ ಕರೆಯೋದು ‘ಸ್ಪೂನ್ಸ್’ ಅಂತ. ಮಾರೋದು ಬಿಯರು, ತಿಂಡಿ, ಊಟ, ಕಾಫಿ. ಬ್ರಿಟನ್ನಿನ ಉದ್ದಗಲಕ್ಕೂ ಇವತ್ತು ಇಂಥ ಸುಮಾರು 800 ಪಬ್‌ಗಳಿವೆ.

“ಸಮುದ್ರದಾಚೆಯ ಬಾರಿನ ಕಥೆ ನಮಗ್ಯಾಕ್ರೀ?” ಅಂತ ಕೇಳ್ತೀರಿ. ಕಾರಣ ಎರಡಿದೆ. ನಮ್ಮ ಜಿಲ್ಲೆಗಳಿಂದ ಓದೋಕೆ, ದುಡಿಯೋಕೆ ಅಂತ ಆ ದೇಶಕ್ಕೆ ಹೋದ ಹುಡುಗ ಹುಡುಗಿಯರು ಜೇಬು ನೋಡ್ಕೊಂಡು ಊಟ ಮಾಡೋ ಜಾಗಗಳಲ್ಲಿ ಇದೂ ಒಂದು. ಇನ್ನೊಂದು ಕಾರಣ ಮನೆ ಹತ್ತಿರದ್ದು. ದೊಡ್ಡ ಚೈನ್ ಅಂಗಡಿಗಳು ಈಗ ನಮ್ಮ ಜಿಲ್ಲಾ ಕೇಂದ್ರಗಳಿಗೂ ಕಾಲಿಟ್ಟಿವೆ. ಅಗ್ಗಕ್ಕೆ ಮಾರುವ ದೊಡ್ಡವನು ಪೇಟೆಗೆ ಬಂದರೆ ಗಿರಾಕಿಗೆ ಏನು ಸಿಗುತ್ತೆ, ಪಕ್ಕದವನಿಗೆ ಏನು ಹೋಗುತ್ತೆ ಅನ್ನೋದನ್ನ ನಾಲ್ಕು ದಶಕ ಕಂಡ ದೇಶದಿಂದ ಕೇಳೋದು ವಾಸಿ.

ಮೇಷ್ಟ್ರ ಹೆಸರು, ಟೀವಿಯ ಇನಿಷಿಯಲ್ಲು

ಮಾಲೀಕರ ಹೆಸರು ಟಿಮ್ ಮಾರ್ಟಿನ್. ಕಾನೂನು ಓದಿದವರು. ವಕೀಲಿ ಮಾಡೋದು ಬಿಟ್ಟು 24ನೇ ವಯಸ್ಸಿನಲ್ಲಿ ಉತ್ತರ ಲಂಡನ್ನಿನ ಮಸ್‌ವೆಲ್ ಹಿಲ್ ಬಡಾವಣೆಯಲ್ಲಿ ಮೊದಲ ಪಬ್ ತೆರೆದರು. ಬಾಲ್ಯದಲ್ಲಿ ನ್ಯೂಜಿಲೆಂಡಿನಲ್ಲಿ ಓದುವಾಗ ವೆದರ್‌ಸ್ಪೂನ್ ಎಂಬ ಮೇಷ್ಟ್ರೊಬ್ಬರಿದ್ದರಂತೆ. ಪಾಪ, ಕ್ಲಾಸಿನ ಹುಡುಗರನ್ನು ಹಿಡಿತದಲ್ಲಿ ಇಟ್ಟುಕೊಳ್ಳೋಕೆ ಅವರಿಂದ ಆಗ್ತಿರಲಿಲ್ಲ. ‘ನನಗೂ ಈ ಪಬ್ಬಿನ ಗಿರಾಕಿಗಳನ್ನ ಹಿಡಿಯೋಕೆ ಆಗ್ತಿಲ್ಲ’ ಅಂತ ಮಾರ್ಟಿನ್ ಸಾಹೇಬರು ಆ ಮೇಷ್ಟ್ರ ಹೆಸರನ್ನೇ ಬೋರ್ಡಿಗೆ ಹಾಕಿದರು. ಮುಂದಿನ ‘ಜೆ. ಡಿ.’ ಅಮೆರಿಕದ ಒಂದು ಟೀವಿ ಧಾರಾವಾಹಿಯ ಪಾತ್ರದಿಂದ ಎತ್ತಿದ್ದು. 1992ರಲ್ಲಿ ಕಂಪನಿ ಲಂಡನ್ ಷೇರುಪೇಟೆಗೆ ಬಂತು. 2024ರ ಹೊಸ ವರ್ಷದ ಗೌರವ ಪಟ್ಟಿಯಲ್ಲಿ ಮಾಲೀಕರಿಗೆ ‘ಸರ್’ ಪದವಿಯೂ ಸಿಕ್ಕಿತು.

ಕೂತರೆ ಎಬ್ಬಿಸೋರಿಲ್ಲ

ನಮ್ಮಲ್ಲಿ ಬಾರ್ ಅಂದರೆ ಮಬ್ಬು ಬೆಳಕು, ಬಾಗಿಲಿಗೊಂದು ಪರದೆ. ಒಳಗೆ ಹೋಗುವವನು ಆಚೆ ಈಚೆ ನೋಡಿ, ಪರಿಚಯದವರು ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ತಲೆ ತಗ್ಗಿಸಿ ನುಗ್ಗಬೇಕು. ಎಂಆರ್‌ಪಿ ಅಂಗಡಿಯಾದರೆ ಅದೂ ಇಲ್ಲ. ಕುಡಿಯೋಕೆ ಅಲ್ಲಿ ಪರವಾನಗಿಯಿಲ್ಲ, ಗೋಡೆ ಪಕ್ಕ ನಿಂತು ಗಂಟಲಿಗೆ ಸುರಿದುಕೊಂಡು ಹೋಗೋರೇ ಹೆಚ್ಚು. ಬ್ರಿಟನ್ನಿನ ಪಬ್ ಹಾಗಲ್ಲ. ‘ಪಬ್ಲಿಕ್ ಹೌಸ್’ ಅನ್ನೋದರ ಗಿಡ್ಡ ರೂಪವೇ ಪಬ್. ಸಾರ್ವಜನಿಕರ ಮನೆ. ಊರಿನ ಅರಳಿಕಟ್ಟೆ, ಹೋಟೆಲು, ಕ್ಲಬ್ಬು ಮೂರೂ ಒಂದೇ ಸೂರಿನಡಿ ಸೇರಿದಂತೆ.

ವೆದರ್‌ಸ್ಪೂನ್ ಈ ಮನೆಯ ಬಾಗಿಲನ್ನು ಬೆಳಿಗ್ಗೆಯೇ ತೆರೆದಿಡುತ್ತೆ. ಎಂಟು ಗಂಟೆಗೆಲ್ಲ ತಿಂಡಿ ಸಿದ್ಧ. ಒಂದು ಸಲ ದುಡ್ಡು ಕೊಟ್ಟರೆ ಕಾಫಿ ಕಪ್ಪನ್ನು ಮತ್ತೆ ಮತ್ತೆ ತುಂಬಿಸಿಕೊಳ್ಳಬಹುದು. ಪಿಂಚಣಿಯಲ್ಲಿ ಬದುಕುವ ಮುದುಕ ಒಂದು ಕಪ್ ಕಾಫಿ ಮುಂದಿಟ್ಟುಕೊಂಡು ಪೇಪರ್ ಓದುತ್ತಾ ಮಧ್ಯಾಹ್ನದವರೆಗೆ ಕೂತರೂ “ಇನ್ನೇನು ಬೇಕು ಸಾರ್?” ಅಂತ ಬಂದು ತಲೆ ಮೇಲೆ ನಿಲ್ಲೋ ಸರ್ವರ್ ಇಲ್ಲ. ಚಳಿಗಾಲದಲ್ಲಿ ಮನೆಯ ಹೀಟರ್ ಹಾಕೋಕೆ ಲೆಕ್ಕ ನೋಡುವವನಿಗೆ ಇದು ಸಣ್ಣ ಮಾತಲ್ಲ. ಮಕ್ಕಳನ್ನು ಕರಕೊಂಡ ತಾಯಂದಿರು, ಪರೀಕ್ಷೆ ಮುಗಿಸಿದ ವಿದ್ಯಾರ್ಥಿಗಳು, ರಾತ್ರಿ ಪಾಳಿ ಮುಗಿಸಿ ಬಂದ ಕೆಲಸಗಾರರು ಎಲ್ಲ ಒಂದೇ ಹಾಲಿನಲ್ಲಿ. ಹೆಚ್ಚಿನ ಶಾಖೆಗಳಲ್ಲಿ ಹಾಡಿನ ಗದ್ದಲ ಇಲ್ಲ. ಮಾತಾಡಿದರೆ ಎದುರಿನವರಿಗೆ ಕೇಳಿಸುತ್ತೆ.

ದರ? ಲಂಡನ್ನಿನಲ್ಲಿ ಎಷ್ಟೋ ಪಬ್‌ಗಳಲ್ಲಿ ಒಂದು ಪಿಂಟ್ ಬಿಯರಿಗೆ, ಅಂದರೆ 568 ಮಿಲಿಗೆ, 6 ಪೌಂಡ್ ದಾಟಿದೆ. ಇಲ್ಲಿ ಕೆಲವು ಬಿಯರುಗಳು ಅದರ ಅರ್ಧಕ್ಕೇ ಸಿಗುತ್ತವೆ. ಗುರುವಾರ ಬಂತೆಂದರೆ ‘ಕರ್ರಿ ಕ್ಲಬ್’. ಟಿಕ್ಕಾ ಮಸಾಲ, ಕುರ್ಮಾ, ಅನ್ನ, ನಾನ್, ಹಪ್ಪಳ, ಜೊತೆಗೆ ಒಂದು ಗ್ಲಾಸು ಪಾನೀಯ ಸೇರಿಸಿ ಒಂದೇ ರೇಟು. ನಮ್ಮ ಕಡೆಯವರ ನಾಲಿಗೆಗೆ ಆ ಮಸಾಲೆ ಸಪ್ಪೆಯೇ ಸರಿ, ಆದರೂ ಇಂಗ್ಲಿಷರ ಪಬ್ಬಿನಲ್ಲಿ ಹಪ್ಪಳ ಮುರಿಯೋ ಸದ್ದು ವಾರಕ್ಕೊಮ್ಮೆ ತಪ್ಪದೆ ಕೇಳುತ್ತೆ ಅನ್ನೋದೇ ಒಂದು ತಮಾಷೆ.

ಒಂದು ಮಾತು ಇಲ್ಲಿ ಮರೆಯಬಾರದು. ಬ್ರಿಟನ್ನಿನ ಪಬ್ ಎಲ್ಲ ಕಾಲಕ್ಕೂ ಎಲ್ಲರ ಮನೆಯಾಗಿರಲಿಲ್ಲ. 1960ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆತಿಕ್ ಪಟ್ಟಣದಲ್ಲಿ, ಫೌಂಡ್ರಿಗಳಲ್ಲಿ ಬೆವರು ಸುರಿಸುತ್ತಿದ್ದ ಪಂಜಾಬಿಗಳನ್ನು ಕೆಲವು ಪಬ್‌ಗಳು ಬಿಳಿಯರು ಕೂರುವ ಕೋಣೆಗೆ ಬಿಟ್ಟುಕೊಳ್ತಿರಲಿಲ್ಲ. ಅಲ್ಲಿನ ಭಾರತೀಯ ಕಾರ್ಮಿಕರ ಸಂಘ ಇದರ ವಿರುದ್ಧ ಹೋರಾಡಿತು. 1965ರ ಫೆಬ್ರವರಿಯಲ್ಲಿ ಅಮೆರಿಕದ ಕರಿಯರ ನಾಯಕ ಮಾಲ್ಕಮ್ ಎಕ್ಸ್ ಅದೇ ಊರಿಗೆ ಬಂದು ಈ ಬಣ್ಣಭೇದವನ್ನು ಕಣ್ಣಾರೆ ಕಂಡು ಹೋದರು. ಅದೇ ವರ್ಷ ಸಾರ್ವಜನಿಕ ಜಾಗಗಳಲ್ಲಿ ಇಂಥ ಭೇದ ಕೂಡದು ಅಂತ ಕಾಯಿದೆಯೂ ಬಂತು. ನಮ್ಮ ಹಳ್ಳಿ ಹೋಟೆಲುಗಳಲ್ಲಿ ಎರಡು ಲೋಟದ ಪದ್ಧತಿ ಕಂಡವರಿಗೆ ಈ ನೋವು ವಿವರಿಸಬೇಕಾಗಿಲ್ಲ. ಯಾರು ಯಾವ ಜಾತಿ, ಯಾವ ಬಣ್ಣ, ಜೇಬಿನಲ್ಲಿ ಎಷ್ಟಿದೆ ಅಂತ ಕೇಳದೆ ಕುರ್ಚಿ ಕೊಡೋ ಜಾಗಕ್ಕೆ ಬೆಲೆ ಇದ್ದೇ ಇದೆ.

ಬ್ಯಾಂಕಿನಲ್ಲಿ ಬಿಯರು

ಈ ಕಂಪನಿಯ ಇನ್ನೊಂದು ಖಯಾಲಿ ಹಳೇ ಕಟ್ಟಡಗಳು. ಮುಚ್ಚಿದ ಸಿನಿಮಾ ಟಾಕೀಸು, ಬೀಗ ಬಿದ್ದ ಬ್ಯಾಂಕು, ಪೋಸ್ಟಾಫೀಸು, ಚರ್ಚು, ಯಾವುದನ್ನೂ ಬಿಟ್ಟಿಲ್ಲ. ಲಂಡನ್ನಿನ ‘ಕ್ರಾಸ್ ಕೀಸ್’ ಪಬ್ ಇರೋದು ಹಾಂಕಾಂಗ್ ಶಾಂಘೈ ಬ್ಯಾಂಕಿನ ಹಳೇ ಕಚೇರಿಯಲ್ಲಿ. ಟನ್‌ಬ್ರಿಜ್ ವೆಲ್ಸ್ ಎಂಬ ಊರಿನಲ್ಲಿ ಇಡೀ ಒಪೆರಾ ನಾಟಕಶಾಲೆಯೇ ಪಬ್ಬಾಗಿದೆ. ರಾಮ್ಸ್‌ಗೇಟ್ ಊರಿನ ಕಡಲತೀರದಲ್ಲಿ ಪಾಳು ಬಿದ್ದಿದ್ದ ರಾಯಲ್ ವಿಕ್ಟೋರಿಯಾ ಪೆವಿಲಿಯನ್ನನ್ನು ದುರಸ್ತಿ ಮಾಡಿಸಿ 2017ರಲ್ಲಿ ತೆರೆದರು. ಅದು ಈ ಸರಣಿಯಲ್ಲೇ ಅತಿ ದೊಡ್ಡದು.

ನೆಲಕ್ಕೆ ಹಾಸಿದ ಕಾರ್ಪೆಟ್ಟಿನ ಚಿತ್ತಾರ ಒಂದೊಂದು ಪಬ್ಬಿಗೆ ಒಂದೊಂದು. ಅವುಗಳ ಫೋಟೋ ಹಾಕಿ 2016ರಲ್ಲಿ ಪುಸ್ತಕವೇ ಬಂತು ಅಂದರೆ ನೋಡಿ! ಬೈಯುವವರೂ ಇದ್ದಾರೆ, ಮುಖ್ಯವಾಗಿ ಕಕ್ಕಸಿಗೆ ಹೋಗೋಕೆ ಮಹಡಿ ಹತ್ತಿ ಮೈಲಿ ನಡೀಬೇಕು ಅಂತ. ಹಳೇ ಟಾಕೀಸಿನಲ್ಲಿ ಪಬ್ ಮಾಡಿದರೆ ಇನ್ನೇನಾಗುತ್ತೆ? ಅದೇನೇ ಇರಲಿ, ನಮ್ಮೂರುಗಳಲ್ಲಿ ಹಳೇ ಟಾಕೀಸು ಕೆಡವಿ ಕಾಂಪ್ಲೆಕ್ಸ್ ಕಟ್ಟೋದನ್ನೇ ನೋಡಿದವರಿಗೆ, ಕಟ್ಟಡವನ್ನು ಹಾಗೇ ಉಳಿಸಿ ಜನರಿಗೆ ಬಾಗಿಲು ತೆರೆದದ್ದು ಮೆಚ್ಚಬೇಕಾದ ಕೆಲಸವೇ.

ಗಿಟ್ಟೋದು ಹೇಗೆ?

ಈಗ ವ್ಯಾಪಾರಸ್ಥರು ಕೇಳೋ ಪ್ರಶ್ನೆ. ಅರ್ಧ ರೇಟಿಗೆ ಮಾರಿದರೆ ಗಿಟ್ಟೋದು ಹೇಗೆ? ಕಂಪನಿ ಅವಧಿ ಮುಗಿಯುತ್ತಿರುವ ಬಿಯರ್ ಖರೀದಿಸುತ್ತೆ ಅಂತ ಅಲ್ಲಿ ಹಳೇ ಪುಕಾರು. ಕಂಪನಿ ಇದನ್ನು ಅಲ್ಲಗಳೆದಿದೆ. ನಿಜವಾದ ಗುಟ್ಟು ನಿಮ್ಮ ಗಲ್ಲಾಪೆಟ್ಟಿಗೆಯ ಲೆಕ್ಕದಂಥದ್ದೇ.

ಮೊದಲನೆಯದು ಸಗಟು ಖರೀದಿ. 800 ಪಬ್ಬಿಗೆ ಒಟ್ಟಿಗೆ ಕೊಳ್ಳೋನಿಗೆ ಬ್ರೂವರಿಯವರು ಕೊಡೋ ದರ ಒಂದು ಪಬ್ಬಿನವನಿಗೆ ಸಿಗಲ್ಲ. ಎರಡನೆಯದು ಜಾಗ. ನಡೆಯುತ್ತಿರುವ ಪಬ್ಬನ್ನು ಹೆಚ್ಚು ಬೆಲೆಗೆ ಕೊಳ್ಳೋ ಬದಲು, ಯಾರಿಗೂ ಬೇಡವಾದ ದೊಡ್ಡ ಕಟ್ಟಡ ಹಿಡಿದರು. ಮೂರನೆಯದು ಸರ್ವೀಸು. ಗಿರಾಕಿಯೇ ಕೌಂಟರಿಗೆ ಹೋಗಿ ಹೇಳಿ ದುಡ್ಡು ಕೊಡಬೇಕು. 2017ರಿಂದ ಮೊಬೈಲಿನಲ್ಲಿ ಟೇಬಲ್ ನಂಬರು ಒತ್ತಿದರೆ ಕೂತಲ್ಲಿಗೇ ಬರುತ್ತೆ. ಕೆಲವು ಪುಂಡರು ತಮ್ಮ ಟೇಬಲ್ ನಂಬರನ್ನು ಫೇಸ್‌ಬುಕ್ಕಿನಲ್ಲಿ ಹಾಕೋದು, ಎಲ್ಲೋ ಇರುವ ಅಪರಿಚಿತರು ದುಡ್ಡು ಕೊಟ್ಟು ಅವರ ಟೇಬಲ್ಲಿಗೆ ಒಂದು ಬಟ್ಟಲು ಬೇಯಿಸಿದ ಬಟಾಣಿ ಕಳಿಸೋದು, ಹೀಗೊಂದು ಆಟವೂ ಶುರುವಾಯಿತು! ನಾಲ್ಕನೆಯದು, ಊಟದಲ್ಲಿ ಹಲವು ಬಗೆ ಹೊರಗೆ ತಯಾರಾಗಿ ಬಂದು ಇಲ್ಲಿ ಬಿಸಿಯಾಗೋದು. ನುರಿತ ಅಡುಗೆ ಭಟ್ಟರ ದೊಡ್ಡ ಸಂಬಳ ಉಳೀತು.

1980ರ ದಶಕದಲ್ಲಿ ಬೆಂಗಳೂರಿನಲ್ಲಿ ಶುರುವಾದ ದರ್ಶಿನಿಗಳನ್ನು ನೆನೆಸಿಕೊಳ್ಳಿ. ಟೋಕನ್ ತಗೊಂಡು ನೀವೇ ದೋಸೆ ಎತ್ತಿಕೊಂಡು ಬರಬೇಕು. ಸರ್ವರ್ ಖರ್ಚು ಕಮ್ಮಿ, ರೇಟೂ ಕಮ್ಮಿ. ವ್ಯತ್ಯಾಸ ಏನಂದ್ರೆ ದರ್ಶಿನಿಯಲ್ಲಿ ನಿಂತು ತಿಂದು ಜಾಗ ಖಾಲಿ ಮಾಡಬೇಕು. ಅಲ್ಲಿ ಕೂತವನು ಇನ್ನೊಂದು ಗ್ಲಾಸು ತರಿಸ್ತಾನೆ ಅನ್ನೋದೇ ಲೆಕ್ಕ.

ಹೀಗೆಲ್ಲ ಮಾಡಿಯೂ ಉಳಿಯೋದು ಎಷ್ಟು? 2023-24ರಲ್ಲಿ ಕಂಪನಿಯ ವಹಿವಾಟು 200 ಕೋಟಿ ಪೌಂಡ್ ದಾಟಿತು. ಪಬ್ಬೊಂದಕ್ಕೆ ವರ್ಷಕ್ಕೆ ಸರಾಸರಿ 25 ಲಕ್ಷ ಪೌಂಡ್ ವ್ಯಾಪಾರ ಅಂತಾಯ್ತು. ತೆರಿಗೆಗೆ ಮುಂಚಿನ ಲಾಭ ಸುಮಾರು 7.4 ಕೋಟಿ. ಅಂದರೆ ನೂರು ಪೌಂಡ್ ಮಾರಿದರೆ ಕೈಗೆ ನಾಲ್ಕೂ ನಿಲ್ಲಲಿಲ್ಲ. ಕಿರಾಣಿ ಅಂಗಡಿಯ ಮಾರ್ಜಿನ್ನೇ ಅದು. ಸಾಲು ಸಾಲು ಜನ ಬಂದರೆ ಮಾತ್ರ ಬದುಕು.

ಪಕ್ಕದ ಪಬ್ಬಿನವನ ಪಾಡು

ಇಲ್ಲಿಂದ ಶುರು ಕೊರತೆಯ ಪಟ್ಟಿ. ಬ್ರಿಟನ್ನಿನಲ್ಲಿ 2000ದ ಸುಮಾರಿಗೆ 60 ಸಾವಿರ ಪಬ್‌ಗಳಿದ್ದವು. ಈಗ 45 ಸಾವಿರದ ಆಸುಪಾಸು. ಇದಕ್ಕೆಲ್ಲ ಸ್ಪೂನ್ಸೇ ಕಾರಣ ಅಂದರೆ ಅನ್ಯಾಯವಾದೀತು. ಸೂಪರ್‌ಮಾರ್ಕೆಟ್ಟಿನಲ್ಲಿ ಬಿಯರು ಇನ್ನೂ ಅಗ್ಗ. ಅಲ್ಲಿ ಹೆಚ್ಚಿನ ಆಹಾರ ಪದಾರ್ಥಗಳಿಗೆ ವ್ಯಾಟ್ ಇಲ್ಲ, ಪಬ್ಬಿನ ಊಟಕ್ಕೆ ಶೇಕಡ 20. ಇದು ಅನ್ಯಾಯ ಅಂತ ಮಾರ್ಟಿನ್ ಸಾಹೇಬರೇ ವರ್ಷಗಳಿಂದ ಕೂಗುತ್ತಿದ್ದಾರೆ, ಆ ಕೂಗಿನಲ್ಲಿ ಸತ್ಯವಿದೆ.

ಆದರೆ ಪಕ್ಕದ ಬೀದಿಯ ಸಣ್ಣ ಪಬ್ಬಿನವನ ಸಂಕಟ ಬೇರೆ ಥರದ್ದು. ಅಲ್ಲಿ ಎಷ್ಟೋ ಪಬ್‌ಗಳು ನಡೆಸುವವನ ಸ್ವಂತದ್ದಲ್ಲ. ಬ್ರೂವರಿಯದೋ ದೊಡ್ಡ ಕಂಪನಿಯದೋ ಕಟ್ಟಡ. ಇವನು ಬಾಡಿಗೆದಾರ. ಬಾಡಿಗೆಯ ಜೊತೆಗೆ ಷರತ್ತು ಏನಂದ್ರೆ ಬಿಯರನ್ನೂ ಅವರಿಂದಲೇ, ಅವರು ಹೇಳಿದ ದರಕ್ಕೇ ಕೊಳ್ಳಬೇಕು. 1989ರಲ್ಲಿ ಸರ್ಕಾರ, 2,000ಕ್ಕಿಂತ ಹೆಚ್ಚು ಪಬ್ ಇಟ್ಟುಕೊಂಡಿದ್ದ ಬ್ರೂವರಿಗಳ ಹಿಡಿತ ಸಡಿಲಿಸೋಕೆ ಆದೇಶ ಹೊರಡಿಸಿತು. ಬ್ರೂವರಿಗಳು ಪಬ್‌ಗಳನ್ನು ಮಾರಿದವು, ಪಬ್‌ಗಳನ್ನೇ ಆಸ್ತಿಯಾಗಿ ಕೊಳ್ಳೋ ಹೊಸ ಕಂಪನಿಗಳು ಹುಟ್ಟಿ ಕೊಂಡುಕೊಂಡವು. ಬಾಡಿಗೆದಾರನಿಗೆ ಯಜಮಾನ ಬದಲಾದ, ಹಗ್ಗ ಬಿಚ್ಚಲಿಲ್ಲ. 2016ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿಗೆ ಹೊಸ ನಿಯಮಾವಳಿ ಬಂದು ಸ್ವಲ್ಪ ಉಸಿರಾಡುವಂತಾಯಿತು.

ಹೀಗೆ ಕೈಕಟ್ಟಿಸಿಕೊಂಡವನು ಸಗಟು ದರದಲ್ಲಿ ಕೊಳ್ಳೋನ ಎದುರು ಅಂಗಡಿ ನಡೆಸಬೇಕು. ಅವನು ಮಾರೋ ದರ ಇವನು ಕೊಳ್ಳೋ ದರಕ್ಕಿಂತ ಎಷ್ಟೋ ಮೇಲಿರೋದಿಲ್ಲ. ಓಟದ ಪಂದ್ಯದಲ್ಲಿ ಒಬ್ಬನ ಕಾಲಿಗೆ ಗೋಣಿಚೀಲ ಕಟ್ಟಿ “ಗೆದ್ದವನೇ ಗಟ್ಟಿ” ಅಂದ ಹಾಗೆ.

ಬಾಗಿಲು ಮುಚ್ಚಿದ ದಿನ

ವ್ಯಾಪಾರದ ಗುಣ ಗೊತ್ತಾಗೋದು ಕಷ್ಟ ಬಂದಾಗ. 2020ರ ಮಾರ್ಚ್ 20ರಂದು ಕೊರೋನಾ ಕಾರಣಕ್ಕೆ ಬ್ರಿಟನ್ನಿನ ಪಬ್‌ಗಳನ್ನು ಮುಚ್ಚಿಸಿದರು. ವೆದರ್‌ಸ್ಪೂನಿನಲ್ಲಿ ಆಗ 40 ಸಾವಿರಕ್ಕೂ ಹೆಚ್ಚು ನೌಕರರು. ಮಾಲೀಕರು ವಿಡಿಯೋದಲ್ಲಿ ಬಂದು, ದುಡಿದ ದಿನಗಳ ಸಂಬಳ ಬರುತ್ತೆ, ಮುಂದಿನದು ಸರ್ಕಾರದ ನೆರವಿನ ಹಣ ಬಂದ ಮೇಲೆ ಎಂಬರ್ಥದ ಮಾತಾಡಿದರು. ಟೆಸ್ಕೋದಂಥ ಸೂಪರ್‌ಮಾರ್ಕೆಟ್ಟಿನಲ್ಲಿ ಕೆಲಸ ಸಿಕ್ಕರೆ ಹೋಗಬಹುದು, ಮರಳಿ ಬಂದರೆ ನಿಮಗೇ ಆದ್ಯತೆ ಅಂತಲೂ ಅಂದರು. ಸರಕು ಕೊಟ್ಟವರಿಗೆ, ಪಬ್ ಮತ್ತೆ ತೆರೆಯೋವರೆಗೆ ಬಾಕಿಗೆ ಕಾಯಿರಿ ಎಂದು ಕೇಳಿಕೊಂಡರು. ಊರೆಲ್ಲ ಉಗಿಯಿತು. ಪಾರ್ಲಿಮೆಂಟ್ ಸದಸ್ಯರೂ ತರಾಟೆಗೆ ತಗೊಂಡರು. ಆಮೇಲೆ ಕಂಪನಿ, ನೌಕರರಿಗೆ ಸಂಬಳ ಬಂದೇ ಬರುತ್ತೆ ಅಂತ ಸ್ಪಷ್ಟ ಮಾಡಿತು.

ನ್ಯಾಯವಾಗಿ ಇನ್ನೊಂದು ಮಗ್ಗುಲೂ ಹೇಳಬೇಕು. ಬೋನಸ್ಸು, ಉಚಿತ ಷೇರು ಅಂತ ನೌಕರರಿಗೆ ಹಂಚಿದ್ದೂ ಇದೇ ಕಂಪನಿ. ಆದರೂ 2018ರ ಅಕ್ಟೋಬರಿನಲ್ಲಿ ಬ್ರೈಟನ್ ಊರಿನ ಶಾಖೆಗಳ ಹುಡುಗರು ಕೂಲಿ ಹೆಚ್ಚಿಸಿ ಅಂತ ಮುಷ್ಕರಕ್ಕೆ ಇಳಿದಿದ್ದರು. ಮೂರು ತಟ್ಟೆ ಹಿಡಿದು ಮಹಡಿ ಹತ್ತಿ ಇಳಿಯುವವನಿಗೆ ಅಗ್ಗದ ಬಿಯರಿನ ಭಾರ ಎಷ್ಟು ಅಂತ ಗೊತ್ತಿರುತ್ತೆ.

ಬೆಳಗಿನ ಗ್ಲಾಸು

ಮತ್ತೊಂದು ಕೊರತೆ ಬಾಯಿಬಿಟ್ಟು ಹೇಳೋದು ಕಷ್ಟ, ಹೇಳದಿದ್ದರೆ ತಪ್ಪು. ಬೆಳಿಗ್ಗೆ ಕಾಫಿ ಕುಡಿಯುವ ಮುದುಕನ ಪಕ್ಕದ ಟೇಬಲ್ಲಿನಲ್ಲಿ ಬೆಳಿಗ್ಗೆಯೇ ಬಿಯರು ಹಿಡಿದ ಇನ್ನೊಬ್ಬ ಇರ್ತಾನೆ. ಒಂಟಿತನಕ್ಕೆ ಕುರ್ಚಿ ಕೊಟ್ಟ ಜಾಗವೇ ಚಟಕ್ಕೂ ಕುರ್ಚಿ ಕೊಡುತ್ತೆ. ಕುಡಿತ ಅಗ್ಗವಾದಷ್ಟೂ ಹಾನಿ ಹೆಚ್ಚು ಅಂತ ಸ್ಕಾಟ್ಲೆಂಡ್ ಸರ್ಕಾರ 2018ರಲ್ಲಿ ಮದ್ಯಕ್ಕೆ ಕನಿಷ್ಠ ಬೆಲೆ ಗೊತ್ತುಮಾಡಿತು. 2024ರಲ್ಲಿ ಅದನ್ನು ಏರಿಸಿತು ಕೂಡ. ವೇಲ್ಸ್ 2020ರಲ್ಲಿ ಅದೇ ದಾರಿ ಹಿಡಿಯಿತು. 2007ರ ಜುಲೈಯಲ್ಲಿ ಸಾರಾಯಿ ನಿಲ್ಲಿಸಿದ ನಮ್ಮ ರಾಜ್ಯಕ್ಕೆ ಈ ವಾದ ಹೊಸದಲ್ಲ. ಸಾರಾಯಿ ಹೋಯಿತು, ಅಬಕಾರಿ ಆದಾಯ ಏರುತ್ತಲೇ ಬಂತು ಅನ್ನೋದೂ ನಮಗೆ ಗೊತ್ತಿರೋ ಕಥೆಯೇ.

ಇನ್ನು ಮಾಲೀಕರ ರಾಜಕೀಯ. ಯುರೋಪಿನ ಒಕ್ಕೂಟದಿಂದ ಬ್ರಿಟನ್ ಹೊರಬರಲಿ ಅನ್ನೋ ಪಕ್ಷ ಅವರದು. 2016ರ ಜನಮತ ಸಂಗ್ರಹಕ್ಕೆ 2 ಲಕ್ಷ ಪೌಂಡ್ ಕೊಟ್ಟರು. ಗ್ಲಾಸಿನ ಅಡಿಗೆ ಇಡುವ ರಟ್ಟಿನ ಮೇಲೂ ಪ್ರಚಾರ ಅಚ್ಚಾಯಿತು. ಒಪ್ಪದವರು “ನಮ್ಮ ಬಿಯರಿನ ಕೆಳಗೆ ನಿಮ್ಮ ಭಾಷಣ ಯಾಕೆ?” ಅಂತ ಸಿಡುಕಿದರು. ಹಾಗೆ ಸಿಡುಕಿದವರೂ ಬಿಯರಿನ ಬೆಲೆ ನೋಡಿ ಮತ್ತೆ ಅಲ್ಲಿಗೇ ಹೋದರು ಅಂತ ಅಲ್ಲಿನವರೇ ನಗೆಯಾಡ್ತಾರೆ.

ಹೆಸರು ಹಿಡಿದು ಕರೆಯೋರು

1946ರಲ್ಲಿ ಲೇಖಕ ಜಾರ್ಜ್ ಆರ್ವೆಲ್ ಲಂಡನ್ನಿನ ಒಂದು ಸಂಜೆ ಪತ್ರಿಕೆಯಲ್ಲಿ, ಹೌದು, ನಮ್ಮಂಥದೇ ಸಂಜೆ ಪತ್ರಿಕೆಯಲ್ಲಿ, ತನ್ನ ಮನಸ್ಸಿಗೊಪ್ಪುವ ಪಬ್ ಹೇಗಿರಬೇಕು ಅಂತ ಬರೆದರು. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಮನುಷ್ಯ ಈತ. ಆ ಕಾಲ್ಪನಿಕ ಪಬ್ಬಿಗೆ ‘ಮೂನ್ ಅಂಡರ್ ವಾಟರ್’ ಎಂದು ಹೆಸರಿಟ್ಟರು. ಅಲ್ಲಿ ರೇಡಿಯೋ ಗದ್ದಲವಿಲ್ಲ, ಸಮಾಧಾನವಾಗಿ ಮಾತಾಡಬಹುದು. ಗ್ಲಾಸು ತುಂಬಿಕೊಡುವ ಹೆಂಗಸರಿಗೆ ಹೆಚ್ಚಿನ ಗಿರಾಕಿಗಳ ಹೆಸರು ಗೊತ್ತು. ಮಾರ್ಟಿನ್ ಸಾಹೇಬರು ಈ ಹೆಸರನ್ನು ತಮ್ಮ ಹಲವಾರು ಪಬ್‌ಗಳಿಗೆ ಇಟ್ಟರು. ಸದ್ದಿಲ್ಲದ ವಾತಾವರಣವನ್ನೂ ತಂದರು. ಆದರೆ ಹೆಸರು ಹಿಡಿದು ಕರೆಯೋರನ್ನು 800 ಕಡೆ ತರೋದು ಹೇಗೆ? ಮೊಬೈಲಿನಲ್ಲಿ ಒತ್ತಿದರೆ ಬರೋ ಹುಡುಗನಿಗೆ ನೀವು 34ನೇ ಟೇಬಲ್, ಅಷ್ಟೆ.

ಗಿಟ್ಟದ ಕಡೆ ಚೈನ್ ಕಂಪನಿ ನಿಲ್ಲೋದೂ ಇಲ್ಲ. 2022ರಿಂದೀಚೆಗೆ ವೆದರ್‌ಸ್ಪೂನ್ ತನ್ನ ಹತ್ತಾರು ಪಬ್‌ಗಳನ್ನು ಮಾರಾಟಕ್ಕಿಟ್ಟಿತು. ಕೆಲವು ಊರುಗಳಲ್ಲಿ ಜನ “ಮುಚ್ಚಬೇಡಿ” ಅಂತ ಸಹಿ ಸಂಗ್ರಹಿಸಿದರು. ವ್ಯಾಪಾರದ ದೃಷ್ಟಿಯಿಂದ ಕಂಪನಿಯದು ತಪ್ಪಲ್ಲ. ಆದರೆ ಅಷ್ಟು ಹೊತ್ತಿಗೆ ಪಕ್ಕದ ಹಳೇ ಪಬ್ ಮುಚ್ಚಿ ಫ್ಲಾಟ್ ಆಗಿದ್ದರೆ ಆ ಮುದುಕ ತನ್ನ ಪೇಪರ್ ಹಿಡಿದು ಎಲ್ಲಿಗೆ ಹೋಗಬೇಕು?

ಎದುರು ನಿಂತು ಬದುಕಿದವರೂ ಉಂಟು. ಮೇಲೆ ಹೇಳಿದ ಸ್ಮೆತಿಕ್ ಕಡೆಯಲ್ಲೇ, ಹಿಂದೆ ಒಳಗೆ ಬಿಡದ ಪಬ್‌ಗಳ ಸಾಲಿನಲ್ಲೇ, ಪಂಜಾಬಿಗಳು ತಾವೇ ಪಬ್ ಹಿಡಿದರು. ‘ದೇಸಿ ಪಬ್’ ಅಂತ ಅವುಗಳಿಗೆ ಹೆಸರು. ಬಿಯರಿನ ಜೊತೆ ತಂದೂರಿ ಕೋಳಿ, ಸೀಖ್ ಕಬಾಬು. ಅಡುಗೆ ಅಲ್ಲೇ ಒಳಗೆ ಆಗೋದು, ಗಲ್ಲಾದಲ್ಲಿ ಮಾಲೀಕನೇ ಕೂರೋದು. ಇವತ್ತು ಬಿಳಿಯರೂ ಸಾಲುಗಟ್ಟಿ ಬರ್ತಾರೆ. ದರದಲ್ಲಿ ದೊಡ್ಡ ಕಂಪನಿಯನ್ನು ಸೋಲಿಸೋಕೆ ಇವರು ಹೋಗಲಿಲ್ಲ. ಆ ಕಂಪನಿ ಕೊಡೋಕಾಗದ ರುಚಿಯನ್ನೂ ಪರಿಚಯವನ್ನೂ ಕೊಟ್ಟರು.

ನಮ್ಮ ಪೇಟೆಬೀದಿಯವರು ಇದರಲ್ಲಿ ನೋಡಬೇಕಾದ್ದು ಎರಡು. ಗಿರಾಕಿ ಬರೋದು ರೇಟಿಗೆ ಮಾತ್ರ ಅಲ್ಲ, ಮರ್ಯಾದೆಯಿಂದ ಕೂತು ಹೋಗೋ ಜಾಗಕ್ಕೂ ಬರ್ತಾನೆ. ಒಂದು ಬೆಂಚು, ಒಂದು ಲೋಟ ನೀರು, ಬಸ್ಸು ತಡವಾದವನಿಗೆ ನೆರಳು, ಇಷ್ಟು ಕೊಡದೆ “ದೊಡ್ಡೋರು ಬಂದು ನಮ್ಮ ಹೊಟ್ಟೆ ಮೇಲೆ ಹೊಡೆದರು” ಅಂತ ಗೋಳಾಡಿದರೆ ಪ್ರಯೋಜನವಿಲ್ಲ. ಗಿರಾಕಿಗಳಿಗೂ ಒಂದು ಮಾತು. ಇನ್ನೊಂದು ಕಡೆ ಹತ್ತು ರೂಪಾಯಿ ಉಳಿಸಿದ ದಿನ, ತಿಂಗಳ ಕೊನೆಯಲ್ಲಿ ಉದ್ದರಿ ಬರೆದುಕೊಳ್ಳೋರು ಯಾರು, ನಿಮ್ಮ ಮಗನ ಹೆಸರು ಹಿಡಿದು ಕರೆದು ಬಿಸ್ಕತ್ತು ಕೊಡೋರು ಯಾರು ಅನ್ನೋದನ್ನೂ ಆ ಲೆಕ್ಕದಲ್ಲಿ ಸೇರಿಸಿಕೊಳ್ಳಿ.